ಎಪಿಐ ಮೂಲಕ ರಕ್ತದ ಗ್ಲೂಕೋಸ್ ರೀಡಿಂಗ್ ಬಾರದಿದ್ದಾಗ: ಲಕ್ಷಣ ಹಿಡಿದು ದೋಷ ಹುಡುಕುವ ಕೈಪಿಡಿ

ಗ್ಲೂಕೋಮೀಟರ್ ಅಥವಾ ಮೈಗೆ ಅಂಟಿಸಿಕೊಂಡ ಸೆನ್ಸರ್ ಅಳೆದ ಸಂಖ್ಯೆ ನಮ್ಮ ಪ್ರೋಗ್ರಾಂ ತಲುಪುವ ಮೊದಲು ಹಲವು ಕೈ ದಾಟಿ ಬರುತ್ತದೆ. ಉಪಕರಣದಿಂದ ಬ್ಲೂಟೂತ್ ಮೂಲಕ ಫೋನಿನ ಆ್ಯಪ್‌ಗೆ, ಆ್ಯಪ್‌ನಿಂದ ಕಂಪನಿಯ ಸರ್ವರ್‌ಗೆ, ಅಲ್ಲಿಂದ ಕೆಲವೊಮ್ಮೆ ಇನ್ನೊಂದು ಆರೋಗ್ಯ ಸೇವೆಗೆ, ಕೊನೆಯಲ್ಲಿ ಎಪಿಐ (ಒಂದು ಪ್ರೋಗ್ರಾಂ ಇನ್ನೊಂದರಿಂದ ದತ್ತಾಂಶ ಕೇಳಿ ಪಡೆಯುವ ದಾರಿ) ಕೊಡುವ ಉತ್ತರಕ್ಕೆ ಅದು ಬಂದು ಸೇರುತ್ತದೆ. ಈ ಸರಪಳಿ ಎಲ್ಲಿ ತುಂಡಾದರೂ ತುದಿಯಲ್ಲಿ ಕುಳಿತವರಿಗೆ ಕಾಣುವುದು ಒಂದೇ: ರೀಡಿಂಗ್ ಬಂದಿಲ್ಲ, ಇಲ್ಲವೇ ಬಂದ ರೀಡಿಂಗ್ ನಂಬುವಂತಿಲ್ಲ. ಹೀಗಾಗಿ ಬಹಳಷ್ಟು ಮಂದಿ ತಮ್ಮ ಕೋಡನ್ನೇ ಮೊದಲು ಅನುಮಾನಿಸಿ, ಸರಿಯಾಗಿದ್ದುದನ್ನೂ ಕೆಡಿಸಿಕೊಳ್ಳುತ್ತಾರೆ.

ಕೋಡ್ ಮುಟ್ಟುವ ಮೊದಲು ಒಂದೇ ಒಂದು ರೀಡಿಂಗ್ ಆರಿಸಿಕೊಂಡು ಅದರ ಜಾಡು ಹಿಡಿಯಬೇಕೆಂಬುದು ಈ ಕೈಪಿಡಿಯ ಮೂಲ ಸಲಹೆ. ಉದಾಹರಣೆಗೆ, ಮೀಟರಿನ ಪರದೆಯ ಮೇಲೆ ಬೆಳಿಗ್ಗೆ 7 ಗಂಟೆ 40 ನಿಮಿಷಕ್ಕೆ 112 ಎಂದು ಕಂಡಿದ್ದರೆ, ಅದೇ 112 ಫೋನಿನ ಆ್ಯಪ್‌ನಲ್ಲಿ ಇದೆಯೇ, ಅದೇ ಕಂಪನಿಯ ವೆಬ್ ಪುಟಕ್ಕೆ ಲಾಗಿನ್ ಆದಾಗ ಕಾಣುತ್ತದೆಯೇ, ಎಪಿಐ ಕೊಟ್ಟ ಕಚ್ಚಾ ಉತ್ತರದಲ್ಲಿ ಇದೆಯೇ, ನಮ್ಮ ಡೇಟಾಬೇಸಿನಲ್ಲಿ ಇದೆಯೇ ಎಂದು ಒಂದೊಂದಾಗಿ ನೋಡಬೇಕು. ಯಾವ ನಿಲ್ದಾಣದಲ್ಲಿ ಅದು ಮೊದಲ ಬಾರಿಗೆ ಕಾಣೆಯಾಯಿತೋ ಅಥವಾ ಬದಲಾಯಿತೋ, ದೋಷ ಅದಕ್ಕೂ ಅದರ ಹಿಂದಿನ ನಿಲ್ದಾಣಕ್ಕೂ ನಡುವೆ ಇದೆ. ಇದಕ್ಕೆ ಹಣ ಬೇಕಿಲ್ಲ, ಹೊಸ ಸಾಧನ ಬೇಕಿಲ್ಲ. ಒಂದಿಷ್ಟು ತಾಳ್ಮೆ ಇದ್ದರೆ ಸಾಕು.

ಕೆಲಸ ಆರಂಭಿಸುವ ಮೊದಲು ಒಂದು ಎಚ್ಚರಿಕೆ

ಈ ದತ್ತಾಂಶ ನಡಿಗೆಯ ಹೆಜ್ಜೆ ಲೆಕ್ಕದಂಥದ್ದಲ್ಲ. ಎಪಿಐಯಿಂದ ತಂದ ಸಂಖ್ಯೆಯನ್ನು ಮಾತ್ರ ನೋಡಿ ಇನ್ಸುಲಿನ್ ಪ್ರಮಾಣ ನಿರ್ಧರಿಸಬಾರದು, ದೋಷ ಹುಡುಕುವ ದಿನಗಳಲ್ಲಂತೂ ಖಂಡಿತ ಬೇಡ. 70 ಮಿ.ಗ್ರಾಂ/ಡಿ.ಲೀ.ಗಿಂತ, ಅಂದರೆ 3.9 ಮಿ.ಮೋಲ್/ಲೀ.ಗಿಂತ ಕೆಳಗಿನ ಮಟ್ಟವನ್ನು ಸಕ್ಕರೆ ಕುಸಿತವೆಂದು ವೈದ್ಯಕೀಯವಾಗಿ ಪರಿಗಣಿಸುತ್ತಾರೆ. 54ಕ್ಕಿಂತ ಕೆಳಗಿಳಿದರೆ ತಕ್ಷಣ ಕ್ರಮ ಕೈಗೊಳ್ಳಬೇಕಾದ ಸ್ಥಿತಿ. ಬೆವರು, ನಡುಕ, ಮಾತಿನಲ್ಲಿ ಗೊಂದಲ ಕಾಣುತ್ತಿದ್ದು ಪರದೆ ಮಾತ್ರ ಎಲ್ಲವೂ ಸರಿಯಿದೆ ಎನ್ನುತ್ತಿದ್ದರೆ, ಪರದೆಯನ್ನು ಬಿಟ್ಟು ವ್ಯಕ್ತಿಯನ್ನು ನೋಡಬೇಕು, ಬೆರಳಿನ ರಕ್ತದಿಂದ ಮೀಟರಿನಲ್ಲಿ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ತುರ್ತು ವೈದ್ಯಕೀಯ ನೆರವು ಕರೆಯಬೇಕು. ನಿಮ್ಮ ಪ್ರೋಗ್ರಾಂ ಯಾರಿಗಾದರೂ ಎಚ್ಚರಿಕೆಯ ಸಂದೇಶ ಕಳುಹಿಸುತ್ತಿದ್ದರೆ, ದುರಸ್ತಿ ಮುಗಿಯುವವರೆಗೆ ಅದನ್ನು ನೆಚ್ಚಿಕೊಳ್ಳಬೇಡಿ ಎಂದು ಅವರಿಗೆ ಮೊದಲೇ ತಿಳಿಸಬೇಕು.

ಲಕ್ಷಣ: ಉತ್ತರ 200 ಎಂದು ಬರುತ್ತದೆ, ಆದರೆ ಪಟ್ಟಿ ಖಾಲಿ

ಅತಿ ಹೆಚ್ಚು ಜನರನ್ನು ಕಾಡುವ ಲಕ್ಷಣ ಇದು. ಬೇರೆ ದೋಷಗಳು ಕೂಗಿ ಹೇಳುತ್ತವೆ. ಇದು ಯಶಸ್ಸಿನ ವೇಷದಲ್ಲಿ ಬರುತ್ತದೆ. ಸರ್ವರ್ ಪ್ರತಿ ಉತ್ತರದ ಜೊತೆಗೂ ಒಂದು ಸ್ಥಿತಿಸಂಕೇತ ಕಳುಹಿಸುತ್ತದೆ. 200 ಎಂಬ ಸಂಕೇತ ಹೇಳುವುದು ಇಷ್ಟೇ: ಕೋರಿಕೆ ತಲುಪಿತು, ಅರ್ಥವಾಯಿತು, ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದೇವೆ. ಕೇಳಿದ್ದೇ ತಪ್ಪಾಗಿತ್ತೇ ಎಂಬುದನ್ನು ಅದು ಹೇಳುವುದಿಲ್ಲ.

ಮೊದಲು ಫೋನಿನ ಆ್ಯಪ್ ತೆರೆದು ಆ ದಿನದ ರೀಡಿಂಗ್ ಅಲ್ಲಿದೆಯೇ ನೋಡಿ. ಅಲ್ಲೇ ಇಲ್ಲದಿದ್ದರೆ ಎಪಿಐಯನ್ನು ದೂರಿ ಪ್ರಯೋಜನವಿಲ್ಲ. ಬ್ಲೂಟೂತ್, ಬ್ಯಾಟರಿ ಉಳಿತಾಯದ ವ್ಯವಸ್ಥೆ, ಹಿನ್ನೆಲೆಯಲ್ಲಿ ಆ್ಯಪ್ ಓಡಲು ಕೊಟ್ಟ ಅನುಮತಿ ಇವುಗಳನ್ನು ಪರಿಶೀಲಿಸಬೇಕು. ಹೊಸ ಸೆನ್ಸರ್ ಅಂಟಿಸಿದ ಕೂಡಲೇ ರೀಡಿಂಗ್ ಬರುವುದಿಲ್ಲ ಎಂಬುದೂ ನೆನಪಿರಲಿ: ಡೆಕ್ಸ್‌ಕಾಮ್ ಜಿ6ಕ್ಕೆ ಸಜ್ಜಾಗಲು 2 ಗಂಟೆ ಬೇಕು, ಫ್ರೀಸ್ಟೈಲ್ ಲಿಬ್ರೆಗೆ 1 ಗಂಟೆ.

ಆ್ಯಪ್‌ನಲ್ಲಿ ಇದ್ದು ಎಪಿಐಯಲ್ಲಿ ಇಲ್ಲದಿದ್ದರೆ ಮುಂದಿನ ಪ್ರಶ್ನೆ, ಎಷ್ಟು ಹೊತ್ತಿನ ಹಿಂದಿನ ರೀಡಿಂಗ್ ಕೇಳುತ್ತಿದ್ದೀರಿ ಎಂಬುದು. ಕೆಲವು ಸಾರ್ವಜನಿಕ ಎಪಿಐಗಳು ಈ ಕ್ಷಣದ ದತ್ತಾಂಶ ಕೊಡುವುದೇ ಇಲ್ಲ. ಡೆಕ್ಸ್‌ಕಾಮ್‌ನ ಎಪಿಐ ಬೇಕೆಂದೇ ವಿಳಂಬವಾಗಿ ದತ್ತಾಂಶ ನೀಡುತ್ತದೆ, ಮೊಬೈಲ್ ಆ್ಯಪ್‌ನಿಂದ ಬಂದ ರೀಡಿಂಗ್‌ಗೂ ಗಂಟೆಯ ಲೆಕ್ಕದ ತಡವಿದೆ. ಕಳೆದ 15 ನಿಮಿಷದ ರೀಡಿಂಗ್ ಕೇಳಿ ಖಾಲಿ ಪಟ್ಟಿ ಪಡೆಯುವುದು ಅಲ್ಲಿ ದೋಷವಲ್ಲ, ಸಹಜ ವರ್ತನೆ. ಕಾಲಾವಧಿಯನ್ನು ಹಿಂದಿನ ಎರಡು ಮೂರು ದಿನಗಳಿಗೆ ಹಿಗ್ಗಿಸಿ ಕೇಳಿದರೆ ಅನುಮಾನ ನಿಮಿಷದಲ್ಲಿ ಬಗೆಹರಿಯುತ್ತದೆ. ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ದತ್ತಾಂಶ ಲಭ್ಯವಿದೆ ಎಂದು ತಿಳಿಸುವ ಪ್ರತ್ಯೇಕ ವಿಳಾಸವೊಂದು ಅದೇ ಎಪಿಐಯಲ್ಲಿದೆ. ಅಂಥದ್ದು ಇರುವ ಕಡೆಯಲ್ಲೆಲ್ಲ ಊಹಿಸುತ್ತ ಕೂರುವ ಬದಲು ಅದನ್ನೇ ಮೊದಲು ಕೇಳಬೇಕು.

ಬಳಿಕ, ಯಾವ ಸರ್ವರನ್ನು ಕೇಳುತ್ತಿದ್ದೀರಿ ಎಂದು ಯುಆರ್‌ಎಲ್ ಓದಿ ನೋಡಿ. ಪ್ರಯೋಗಕ್ಕೆಂದು ಇಟ್ಟ ಸ್ಯಾಂಡ್‌ಬಾಕ್ಸ್ ಸರ್ವರಿನಲ್ಲಿ ನಕಲಿ ಬಳಕೆದಾರರ ದತ್ತಾಂಶ ಮಾತ್ರ ಇರುತ್ತದೆ. ನಿಜವಾದ ರೀಡಿಂಗ್ ಅಲ್ಲಿ ಎಷ್ಟು ಹುಡುಕಿದರೂ ಸಿಗದು. ಹಾಗೆಯೇ ಒಬ್ಬರಿಗೆ ಎರಡು ಖಾತೆ ಇರುವುದು ಅಪರೂಪವೇನಲ್ಲ, ಒಂದು ಇಮೇಲ್‌ನದು, ಇನ್ನೊಂದು ಫೋನ್ ಬದಲಿಸಿದಾಗ ತೆರೆದದ್ದು. ಸೆನ್ಸರ್ ಒಂದಕ್ಕೆ ಕಳುಹಿಸುತ್ತಿರುತ್ತದೆ, ಒಪ್ಪಿಗೆ ಇನ್ನೊಂದರಿಂದ ಬಂದಿರುತ್ತದೆ.

ದತ್ತಾಂಶ ಫೋನಿನ ಆರೋಗ್ಯ ಸಂಗ್ರಹದ ಮೂಲಕ ಬರುವ ವ್ಯವಸ್ಥೆಯಲ್ಲಿ ಇನ್ನೂ ಎರಡು ಸಂಗತಿಗಳಿವೆ. ಆ್ಯಪಲ್‌ನ ಹೆಲ್ತ್‌ಕಿಟ್‌ಗೆ ವೆಬ್ ಎಪಿಐ ಎಂಬುದಿಲ್ಲ. ಫೋನಿನೊಳಗಿನ ಆ್ಯಪ್ ಅದನ್ನು ಓದಿ ಸರ್ವರ್‌ಗೆ ಕಳುಹಿಸಬೇಕು. ಬಳಕೆದಾರರು ಗ್ಲೂಕೋಸ್ ಓದಲು ಅನುಮತಿ ನಿರಾಕರಿಸಿದ್ದರೆ, ನಿರಾಕರಣೆಯಾಗಿದೆ ಎಂದು ಹೆಲ್ತ್‌ಕಿಟ್ ಆ್ಯಪ್‌ಗೆ ತಿಳಿಸುವುದಿಲ್ಲ, ದತ್ತಾಂಶವೇ ಇಲ್ಲವೇನೋ ಎಂಬಂತೆ ವರ್ತಿಸುತ್ತದೆ. ಇದು ಖಾಸಗಿತನ ಕಾಯಲು ಬೇಕೆಂದೇ ಮಾಡಿದ ಏರ್ಪಾಡು. ಗ್ಲೂಕೋಸ್ ಅಳೆದುಕೊಳ್ಳುತ್ತಿದ್ದಾರೆ ಎಂಬ ಮಾಹಿತಿಯೇ ಒಂದು ಕಾಯಿಲೆಯ ಸುಳಿವಲ್ಲವೇ. ಎರಡನೆಯದು, ಫೋನ್ ಲಾಕ್ ಆಗಿರುವಾಗ ಆ ಸಂಗ್ರಹವನ್ನು ಓದಲಾಗದು. ರಾತ್ರಿಯಿಡೀ ಖಾಲಿ ಇದ್ದು ಬೆಳಿಗ್ಗೆ ಒಮ್ಮೆಗೇ ಎಲ್ಲ ರೀಡಿಂಗ್ ಬಂದು ಬೀಳುತ್ತಿದ್ದರೆ ಕಾರಣ ಇದೇ ಇರಬಹುದು.

ಆಸ್ಪತ್ರೆಯ ದಾಖಲೆಗಳನ್ನು ಎಫ್‌ಎಚ್‌ಐಆರ್ (ಆರೋಗ್ಯ ದಾಖಲೆ ವಿನಿಮಯದ) ಮಾನದಂಡದ ಎಪಿಐಯಿಂದ ತರುವವರಿಗೆ ಖಾಲಿ ಪಟ್ಟಿಯ ಕಾರಣ ಬಹುತೇಕ ಸಂಕೇತ ಸಂಖ್ಯೆಯಲ್ಲಿ ಅಡಗಿರುತ್ತದೆ. ಗ್ಲೂಕೋಸ್‌ಗೆ ವೈದ್ಯಕೀಯ ಪರೀಕ್ಷೆಗಳಿಗೆ ಸಂಕೇತ ಕೊಡುವ ಲಾಯಿಂಕ್ ಪಟ್ಟಿಯಲ್ಲಿ ಒಂದೇ ಸಂಕೇತ ಇಲ್ಲ. ರಕ್ತದಲ್ಲಿ ತೂಕದ ಲೆಕ್ಕದ ಗ್ಲೂಕೋಸ್‌ಗೆ 2339-0, ಮೋಲ್ ಲೆಕ್ಕದ್ದಕ್ಕೆ 15074-8, ಸೀರಂ ಅಥವಾ ಪ್ಲಾಸ್ಮಾದ್ದಕ್ಕೆ 2345-7, ಬೆರಳಿನ ರಕ್ತವನ್ನು ಗ್ಲೂಕೋಮೀಟರಿನಲ್ಲಿ ಅಳೆದದ್ದಕ್ಕೆ 41653-7. ಒಂದನ್ನು ಮಾತ್ರ ಕೇಳಿದರೆ ಉಳಿದವು ಬಾರವು. ಸಂಕೇತದ ನಿರ್ಬಂಧ ತೆಗೆದು ಒಮ್ಮೆ ಎಲ್ಲ ಪರೀಕ್ಷಾ ಫಲಿತಾಂಶಗಳನ್ನೂ ಕೇಳಿ, ಅಲ್ಲಿ ಗ್ಲೂಕೋಸ್ ಯಾವ ಸಂಕೇತದಡಿ ಕುಳಿತಿದೆ ಎಂದು ಕಣ್ಣಾರೆ ಕಂಡುಕೊಳ್ಳುವುದೇ ನೇರ ದಾರಿ.

ಲಕ್ಷಣ: 401 ಬರುತ್ತದೆ, ಅಥವಾ ಕೆಲವು ಗಂಟೆ ಸರಿಯಾಗಿದ್ದು ಆಮೇಲೆ 401 ಬರುತ್ತದೆ

401 ಎಂದರೆ ನೀವು ಯಾರೆಂದು ಸರ್ವರ್‌ಗೆ ಖಾತ್ರಿಯಾಗಿಲ್ಲ. ಮೊದಲ ಕೋರಿಕೆಯಿಂದಲೇ ಬರುತ್ತಿದ್ದರೆ ಟೋಕನ್ (ಪ್ರವೇಶದ ಹಕ್ಕನ್ನು ಸಾಬೀತುಪಡಿಸುವ ಅಕ್ಷರಸರಣಿ) ಹೋಗುತ್ತಿರುವ ರೀತಿಯನ್ನು ನೋಡಬೇಕು. ಕೋರಿಕೆಯ ಜೊತೆ ಹೋಗುವ ಅಥರೈಸೇಷನ್ ಹೆಡರಿನಲ್ಲಿ (ಗುರುತಿನ ಮಾಹಿತಿಯ ಸಾಲಿನಲ್ಲಿ) ಬೇರರ್ (Bearer) ಎಂಬ ಪದ, ನಂತರ ಒಂದು ಖಾಲಿ ಜಾಗ, ನಂತರ ಟೋಕನ್ ಇರಬೇಕು. ಫೈಲಿನಿಂದ ಟೋಕನ್ ಓದಿದಾಗ ಕೊನೆಯಲ್ಲಿ ಕಣ್ಣಿಗೆ ಕಾಣದ ಹೊಸ ಸಾಲಿನ ಅಕ್ಷರ ಅಂಟಿಕೊಂಡು ಬಂದಿರಬಹುದು; ಟೋಕನಿನ ಅಕ್ಷರಗಳ ಸಂಖ್ಯೆಯನ್ನು ಎಣಿಸಿ ಮುದ್ರಿಸಿದರೆ ಅದು ಸಿಕ್ಕಿಬೀಳುತ್ತದೆ. ಯುಆರ್‌ಎಲ್ ಇನ್ನೊಂದು ಡೊಮೇನಿಗೆ ತಿರುಗಿಸಲ್ಪಡುತ್ತಿದ್ದರೆ, ಸುರಕ್ಷತೆಯ ದೃಷ್ಟಿಯಿಂದ ಹಲವು ಸಾಧನಗಳು ಆ ತಿರುವಿನಲ್ಲಿ ಅಥರೈಸೇಷನ್ ಹೆಡರನ್ನು ಕೈಬಿಡುತ್ತವೆ. ಆಗ ಅಂತಿಮ ವಿಳಾಸವನ್ನೇ ನೇರವಾಗಿ ಬಳಸಬೇಕು.

ಲಾಗಿನ್ ಹಂತದಲ್ಲೇ ಎಡವುತ್ತಿದ್ದರೆ ಎರಡು ಪರಿಶೀಲನೆ ಸಾಕು. ಲಾಗಿನ್ ಬಳಿಕ ಬಳಕೆದಾರರು ಮರಳುವ ವಿಳಾಸ ನೋಂದಣಿ ಮಾಡಿದ್ದಕ್ಕೆ ಅಕ್ಷರಶಃ ಹೊಂದಬೇಕು, ಕೊನೆಯ ಓರೆಗೆರೆ ಹೆಚ್ಚುಕಡಿಮೆಯಾದರೂ ನಿರಾಕರಣೆ ಬರುತ್ತದೆ. ಬ್ರೌಸರಿನಿಂದ ಸಿಕ್ಕ ತಾತ್ಕಾಲಿಕ ಕೋಡ್ ಒಮ್ಮೆ ಮಾತ್ರ ನಡೆಯುತ್ತದೆ. ಅದರ ಆಯುಷ್ಯ 10 ನಿಮಿಷ ಮೀರಬಾರದೆಂದು 2012ರಲ್ಲಿ ಪ್ರಕಟವಾದ ಓಆತ್ 2.0 (ಬಳಕೆದಾರರ ಒಪ್ಪಿಗೆ ಪಡೆದು ಪ್ರವೇಶ ಕೊಡುವ ವಿಧಾನದ) ಮಾನದಂಡ ಸಲಹೆ ಮಾಡುತ್ತದೆ, ಸೇವೆಗಳು ಇನ್ನೂ ಕಡಿಮೆ ಇಡುವುದುಂಟು.

ಕೆಲವು ಗಂಟೆ ಓಡಿ ನಿಲ್ಲುವುದು ಬೇರೆಯೇ ಕಥೆ. ಆಕ್ಸೆಸ್ ಟೋಕನ್‌ಗೆ ಅವಧಿ ಇರುತ್ತದೆ. ಫಿಟ್‌ಬಿಟ್ ವೆಬ್ ಎಪಿಐಯಲ್ಲಿ ಅದು ಸಾಮಾನ್ಯವಾಗಿ 8 ಗಂಟೆ. ಅವಧಿ ಮುಗಿದಾಗ ರಿಫ್ರೆಶ್ ಟೋಕನ್ ಕೊಟ್ಟು ಹೊಸದನ್ನು ಪಡೆಯಬೇಕು, ಮತ್ತು ಹಲವು ಸೇವೆಗಳಲ್ಲಿ ರಿಫ್ರೆಶ್ ಟೋಕನ್ ಕೂಡ ಒಂದೇ ಬಾರಿಯ ಬಳಕೆಗೆ. ಹೊಸ ಜೋಡಿ ಸಿಕ್ಕ ಕೂಡಲೇ ಹಳೆಯದು ಸತ್ತಂತೆ. ಇಲ್ಲೇ ಬಹುಪಾಲು ಪ್ರೋಗ್ರಾಂಗಳು ಮುಗ್ಗರಿಸುವುದು. ಒಂದೇ ಬಳಕೆದಾರರಿಗಾಗಿ ಎರಡು ಕೆಲಸಗಳು ಒಂದೇ ಹೊತ್ತಿಗೆ ಟೋಕನ್ ನವೀಕರಿಸಲು ಹೊರಟರೆ, ಮೊದಲು ತಲುಪಿದ್ದು ಹೊಸ ಜೋಡಿ ಪಡೆಯುತ್ತದೆ, ಎರಡನೆಯದು ಸತ್ತ ಟೋಕನ್ ಹಿಡಿದು ಹೋಗಿ ನಿರಾಕರಣೆ ಪಡೆಯುತ್ತದೆ; ಆ ಎರಡನೆಯದು ನಿರಾಕರಣೆಯನ್ನೇ ನಂಬಿ ಬಳಕೆದಾರರ ಸಂಪರ್ಕ ಕಡಿದಿದೆ ಎಂದು ಬರೆದಿಟ್ಟರೆ, ಸರಿಯಾಗಿದ್ದ ಖಾತೆಯೂ ನಿಂತುಹೋಗುತ್ತದೆ. ಲಾಗ್‌ನಲ್ಲಿ ಒಂದೇ ಸೆಕೆಂಡಿನ ಆಸುಪಾಸಿನಲ್ಲಿ ಎರಡು ನವೀಕರಣದ ಕೋರಿಕೆಗಳು ಕಂಡರೆ ಬೇರೆ ಸಾಕ್ಷಿ ಬೇಕಿಲ್ಲ. ಪರಿಹಾರವೆಂದರೆ, ಒಬ್ಬ ಬಳಕೆದಾರರ ಟೋಕನ್ ನವೀಕರಣಕ್ಕೆ ಒಂದೇ ಬೀಗ ಇಡುವುದು, ಹೊಸ ಜೋಡಿಯನ್ನು ಬಳಸುವ ಮೊದಲೇ ಡೇಟಾಬೇಸಿನಲ್ಲಿ ಉಳಿಸುವುದು.

ರಿಫ್ರೆಶ್ ಟೋಕನ್ ಬಂದೇ ಇಲ್ಲದಿದ್ದರೆ, ಬಳಕೆದಾರರು ಇಲ್ಲದಾಗಲೂ ಪ್ರವೇಶ ಬೇಕೆಂಬ ಸ್ಕೋಪನ್ನು (ಅನುಮತಿಯ ವ್ಯಾಪ್ತಿಯನ್ನು) ಆರಂಭದಲ್ಲಿ ಕೇಳಿರಲಿಕ್ಕಿಲ್ಲ. ಬಳಕೆದಾರರು ತಾವಾಗಿಯೇ ಒಪ್ಪಿಗೆ ಹಿಂಪಡೆದಿದ್ದರೆ ಅಲ್ಲಿಗೆ ನಿಲ್ಲಬೇಕು. ಮತ್ತೆ ಮತ್ತೆ ಯತ್ನಿಸುವುದು ದುರಸ್ತಿಯಲ್ಲ.

ಲಕ್ಷಣ: 403 ಬರುತ್ತದೆ, ಆದರೆ ಹೆಜ್ಜೆ, ನಿದ್ದೆ, ತೂಕ ಎಲ್ಲ ಬರುತ್ತವೆ

ನೀವು ಯಾರೆಂದು ಗೊತ್ತು, ಆದರೆ ಇದನ್ನು ನೋಡಲು ಅನುಮತಿ ಇಲ್ಲ ಎಂದು ಇದರ ಅರ್ಥ. ಗ್ಲೂಕೋಸ್ ಸೂಕ್ಷ್ಮ ಆರೋಗ್ಯ ಮಾಹಿತಿಯಾದ್ದರಿಂದ ಸೇವೆಗಳು ಅದಕ್ಕೆ ಪ್ರತ್ಯೇಕ ಸ್ಕೋಪ್ ಇಟ್ಟಿರುತ್ತವೆ. ಗೂಗಲ್ ಫಿಟ್‌ನಲ್ಲಿ ಚಟುವಟಿಕೆಗೆ ಒಂದು, ರಕ್ತದ ಗ್ಲೂಕೋಸ್ ಓದಲು ಬೇರೊಂದು. ಕೋಡಿನಲ್ಲಿ ಸ್ಕೋಪ್ ಸೇರಿಸಿದ ಮಾತ್ರಕ್ಕೆ ಹಳೆಯ ಟೋಕನ್‌ಗೆ ಹೊಸ ಅಧಿಕಾರ ಬರುವುದಿಲ್ಲ, ಬಳಕೆದಾರರು ಮತ್ತೊಮ್ಮೆ ಒಪ್ಪಿಗೆಯ ಪರದೆ ದಾಟಬೇಕು. ಆ ಪರದೆಯಲ್ಲಿ ಒಂದೊಂದು ಬಗೆಯ ದತ್ತಾಂಶಕ್ಕೆ ಬೇರೆ ಬೇರೆ ಗುರುತು ಹಾಕುವ ಅವಕಾಶವಿದ್ದರೆ ಗ್ಲೂಕೋಸ್‌ಗೆ ಮಾತ್ರ ಗುರುತು ಹಾಕದೆ ಮುಂದೆ ಹೋಗಿರಬಹುದು. ಟೋಕನ್ ಜೊತೆಗೆ ಬರುವ ಸ್ಕೋಪ್ ಪಟ್ಟಿಯನ್ನು ಓದಿ. ನೀವು ಕೇಳಿದ್ದಕ್ಕಿಂತ ಅವರು ಕೊಟ್ಟದ್ದು ಮುಖ್ಯ.

ಇದೇ ಸಾಲಿಗೆ ಸೇರುವ ಇನ್ನೊಂದು ಮಾತು: ಗೂಗಲ್ ಫಿಟ್ ಎಪಿಐಗಳಿಗೆ 2024ರ ಮೇ 1ರಿಂದ ಹೊಸ ಡೆವಲಪರುಗಳ ನೋಂದಣಿ ನಿಂತಿದೆ. ಹಳೆಯ ಪಾಠಗಳನ್ನು ಹಿಡಿದು ಇಂದು ಹೊಸದಾಗಿ ಆರಂಭಿಸುವವರು ನೋಂದಣಿಯಲ್ಲೇ ಸಿಕ್ಕಿಕೊಂಡರೆ, ಅದು ದುರಸ್ತಿಯಾಗುವ ದೋಷವಲ್ಲ.

ಲಕ್ಷಣ: 400 ಅಥವಾ 404

400 ಎಂದರೆ ಕೋರಿಕೆಯೇ ಸರಿಯಿಲ್ಲ, 404 ಎಂದರೆ ಕೇಳಿದ ವಿಳಾಸದಲ್ಲಿ ಏನೂ ಸಿಗಲಿಲ್ಲ. 400 ಬಂದರೆ ಮೊದಲು ಉತ್ತರದ ಒಡಲನ್ನು ಪೂರ್ತಿ ಓದಿ, ಬಹಳಷ್ಟು ಬಾರಿ ಕಾರಣ ಅಲ್ಲೇ ಬರೆದಿರುತ್ತದೆ. ಕಾಲಾವಧಿ ಮಿತಿ ಮೀರಿರುವುದು ಸಾಮಾನ್ಯ. ಡೆಕ್ಸ್‌ಕಾಮ್‌ನ 3ನೇ ಆವೃತ್ತಿಯಲ್ಲಿ ಒಂದು ಕೋರಿಕೆಗೆ 30 ದಿನ ಮಾತ್ರ. ಇನ್ನೊಂದು ಕಾರಣ ಕೂಡಿಸುವ ಚಿಹ್ನೆ. ಸಮಯ ವಲಯವನ್ನು +05:30 ಎಂದು ಯುಆರ್‌ಎಲ್‌ನಲ್ಲಿ ಹಾಗೆಯೇ ಬರೆದರೆ ಆ ಚಿಹ್ನೆಯನ್ನು ಸರ್ವರ್ ಖಾಲಿ ಜಾಗವೆಂದು ಓದುವ ಸಾಧ್ಯತೆ ಹೆಚ್ಚು. ಕೈಯಿಂದ ಯುಆರ್‌ಎಲ್ ಜೋಡಿಸುವ ಬದಲು ಲೈಬ್ರರಿಯ ಎನ್‌ಕೋಡಿಂಗ್ ಸೌಲಭ್ಯ ಬಳಸಬೇಕು. 404 ಬಂದರೆ ವಿಳಾಸದಲ್ಲಿನ ಆವೃತ್ತಿ ಸಂಖ್ಯೆ ಇನ್ನೂ ಜೀವಂತವಾಗಿದೆಯೇ ಎಂದು ಸೇವೆಯ ದಾಖಲೆಯಲ್ಲಿ ನೋಡಿ.

ಲಕ್ಷಣ: ಸಂಖ್ಯೆ ಬರುತ್ತದೆ, ಆದರೆ ನಂಬುವಂತಿಲ್ಲ

ಇಲ್ಲಿ ಅವಸರ ಮಾಡಬಾರದು, ಏಕೆಂದರೆ ಖಾಲಿ ಪಟ್ಟಿಗಿಂತ ತಪ್ಪು ಸಂಖ್ಯೆ ಅಪಾಯಕಾರಿ.

ಮೊದಲು ಏಕಮಾನ. ಜಗತ್ತಿನಲ್ಲಿ ಎರಡು ಬಳಕೆಯಲ್ಲಿವೆ: ಮಿ.ಗ್ರಾಂ/ಡಿ.ಲೀ. ಮತ್ತು ಮಿ.ಮೋಲ್/ಲೀ. ಗ್ಲೂಕೋಸಿನ ಅಣುತೂಕ ಸುಮಾರು 180.16 ಆಗಿರುವುದರಿಂದ ಎರಡನೆಯದನ್ನು 18.016ರಿಂದ ಗುಣಿಸಿದರೆ ಮೊದಲನೆಯದು ಸಿಗುತ್ತದೆ. ದಿನಬಳಕೆಗೆ 18 ಸಾಕು. 112 ಎಂದು ಕಾಣಬೇಕಾದಲ್ಲಿ 6.2 ಬಂದರೆ ಪರಿವರ್ತನೆ ಆಗಿಲ್ಲ. 0.35ರ ಆಸುಪಾಸು ಬಂದರೆ ಎರಡು ಬಾರಿ ಭಾಗಿಸಲಾಗಿದೆ, 2000 ದಾಟಿದರೆ ಮಿ.ಗ್ರಾಂನಲ್ಲಿದ್ದ ಸಂಖ್ಯೆಯನ್ನೇ ಮತ್ತೆ 18ರಿಂದ ಗುಣಿಸಲಾಗಿದೆ. ಗೂಗಲ್ ಫಿಟ್ ಮಿ.ಮೋಲ್/ಲೀ.ನಲ್ಲಿ ಇಡುತ್ತದೆ, ನೈಟ್‌ಸ್ಕೌಟ್ (ಸೆನ್ಸರ್ ರೀಡಿಂಗ್ ಸಂಗ್ರಹಿಸಿ ತೋರಿಸುವ ಮುಕ್ತ ತಂತ್ರಾಂಶ) ಪರದೆಯಲ್ಲಿ ಏನೇ ತೋರಿಸಿದರೂ ಸಂಗ್ರಹದಲ್ಲಿ ಸೆನ್ಸರ್ ರೀಡಿಂಗನ್ನು ಮಿ.ಗ್ರಾಂ/ಡಿ.ಲೀ.ನಲ್ಲೇ ಇಡುತ್ತದೆ. ಎರಡನ್ನೂ ಒಂದೇ ಕೋಷ್ಟಕಕ್ಕೆ ಸುರಿದರೆ ಗತಿ ಏನೆಂದು ಹೇಳಬೇಕಿಲ್ಲ.

ಕೆಲವರು ಸಂಖ್ಯೆಯ ಗಾತ್ರ ನೋಡಿ ಏಕಮಾನ ಊಹಿಸುವ ಕೋಡ್ ಬರೆಯುತ್ತಾರೆ: 30ಕ್ಕಿಂತ ಕಡಿಮೆಯಿದ್ದರೆ ಮಿ.ಮೋಲ್ ಎಂದು ತಿಳಿ, ಹೆಚ್ಚಿದ್ದರೆ ಮಿ.ಗ್ರಾಂ. ಇದನ್ನು ದಯವಿಟ್ಟು ಮಾಡಬೇಡಿ. ಅನೇಕ ಮೀಟರುಗಳು 20ರಿಂದ 600 ಮಿ.ಗ್ರಾಂವರೆಗೆ, ಅಂದರೆ 1.1ರಿಂದ 33.3 ಮಿ.ಮೋಲ್‌ವರೆಗೆ ಅಳೆಯುತ್ತವೆ. 28 ಎಂಬ ಸಂಖ್ಯೆ ಮಿ.ಗ್ರಾಂನಲ್ಲಿದ್ದರೆ ಪ್ರಾಣಾಪಾಯದ ಕುಸಿತ, ಮಿ.ಮೋಲ್‌ನಲ್ಲಿದ್ದರೆ 504ರಷ್ಟು ಏರಿಕೆ. ಊಹೆ ತಪ್ಪುವುದು ಎಲ್ಲಕ್ಕಿಂತ ಕೆಟ್ಟ ಗಳಿಗೆಯಲ್ಲೇ. ಏಕಮಾನವನ್ನು ಉತ್ತರದಿಂದಲೋ ದಾಖಲೆಯಿಂದಲೋ ಖಚಿತಪಡಿಸಿಕೊಂಡು, ಪ್ರತಿ ರೀಡಿಂಗ್ ಜೊತೆಗೂ ಬರೆದಿಡಬೇಕು. ಏಕಮಾನವಿಲ್ಲದ ಸಂಖ್ಯೆಯನ್ನು ಸ್ವೀಕರಿಸದಿರುವುದೇ ಮೇಲು.

ಸೊನ್ನೆ ಕಂಡರೆ ಅದು ಗ್ಲೂಕೋಸ್ ಅಲ್ಲ. ಎಪಿಐ ಮೌಲ್ಯವನ್ನು ಖಾಲಿ ಬಿಟ್ಟಿದ್ದನ್ನು ನಿಮ್ಮ ಕೋಡ್ ಸೊನ್ನೆ ಮಾಡಿಕೊಂಡಿದೆ. ಇದು ಸರಾಸರಿಯನ್ನು ಕೆಳಗೆಳೆಯುತ್ತದೆ, ಇಲ್ಲದ ಕುಸಿತದ ಎಚ್ಚರಿಕೆಯನ್ನೂ ಹುಟ್ಟಿಸುತ್ತದೆ. ಇನ್ನು ಅಳತೆಯ ಮಿತಿ. ಡೆಕ್ಸ್‌ಕಾಮ್ ಜಿ6 ಅಳೆಯುವುದು 40ರಿಂದ 400ರವರೆಗೆ. ಅದರಾಚೆಗಿನದು ಲೋ ಅಥವಾ ಹೈ ಎಂಬ ಸ್ಥಿತಿಯಾಗಿ ಬರುತ್ತದೆ. ಆ ಸ್ಥಿತಿಯ ಕ್ಷೇತ್ರವನ್ನು ಓದದೆ ಸಂಖ್ಯೆ ಇಲ್ಲದ ಸಾಲುಗಳನ್ನೆಲ್ಲ ಎಸೆಯುವ ಪ್ರೋಗ್ರಾಂ, ಗಮನಿಸಲೇಬೇಕಾದ ಕ್ಷಣಗಳನ್ನೇ ಎಸೆಯುತ್ತಿರುತ್ತದೆ.

ಮೀಟರ್ ಒಂದು ಹೇಳುತ್ತದೆ, ಸೆನ್ಸರ್ ಇನ್ನೊಂದು ಹೇಳುತ್ತದೆ ಎಂಬ ದೂರಿಗೆ ಕೋಡಿನಲ್ಲಿ ಉತ್ತರ ಹುಡುಕಬೇಡಿ. ಸೆನ್ಸರ್ ಅಳೆಯುವುದು ಚರ್ಮದಡಿಯ ಜೀವಕೋಶಗಳ ನಡುವಿನ ದ್ರವವನ್ನು. ರಕ್ತದಲ್ಲಾದ ಬದಲಾವಣೆ ಅಲ್ಲಿಗೆ ತಲುಪಲು ಕೆಲವು ನಿಮಿಷ ಹಿಡಿಯುತ್ತದೆ, ಸಕ್ಕರೆ ವೇಗವಾಗಿ ಏರಿಳಿಯುವಾಗ ಅಂತರ ಹೆಚ್ಚು ಎದ್ದು ಕಾಣುತ್ತದೆ. ಮೀಟರಿಗೂ ತನ್ನ ಸಲಿಗೆ ಇದೆ: ಗ್ಲೂಕೋಮೀಟರುಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್ಒ 15197ರ 2013ರ ಆವೃತ್ತಿಯ ಪ್ರಕಾರ 100ಕ್ಕಿಂತ ಕೆಳಗಿನ ರೀಡಿಂಗ್ 15 ಮಿ.ಗ್ರಾಂ ಅತ್ತಿತ್ತ, ಅದಕ್ಕಿಂತ ಮೇಲಿನದು ಶೇ. 15ರಷ್ಟು ಅತ್ತಿತ್ತ ಇದ್ದರೂ ಒಪ್ಪಿತ, ನೂರರಲ್ಲಿ 95 ರೀಡಿಂಗ್ ಈ ಮಿತಿಯೊಳಗೆ ಬಂದರೆ ಸಾಕು. ಅಂತರ ಇದನ್ನೂ ಮೀರಿ ದಿನಗಟ್ಟಲೆ ಉಳಿದರೆ ಉಪಕರಣ ತಯಾರಕರನ್ನು ಅಥವಾ ವೈದ್ಯರನ್ನು ಕೇಳಬೇಕು.

ಲಕ್ಷಣ: ರೀಡಿಂಗ್ ಸರಿ, ವೇಳೆ ತಪ್ಪು

ರೀಡಿಂಗ್ 1970ರ ಜನವರಿಯದ್ದೆಂದು ತೋರಿಸಿದರೆ ಸಂತೋಷಪಡಿ, ಇದಕ್ಕಿಂತ ಸುಲಭದ ದೋಷವಿಲ್ಲ. ಅಂಕಿಗಳನ್ನು ಎಣಿಸಿದರೆ ಸಾಕು: ಇಂದಿನ ಕಾಲದ ಸಮಯಮುದ್ರೆ (1970ರ ಜನವರಿ 1ರಿಂದ ಎಣಿಸಿದ ಕಾಲ) ಸೆಕೆಂಡಿನಲ್ಲಿದ್ದರೆ 10 ಅಂಕಿ, ಮಿಲಿಸೆಕೆಂಡಿನಲ್ಲಿ 13, ನ್ಯಾನೋಸೆಕೆಂಡಿನಲ್ಲಿ 19. 1700000000 ಎಂದರೆ ಯುಟಿಸಿಯಲ್ಲಿ (ಜಗತ್ತಿಗೆಲ್ಲ ಸಾಮಾನ್ಯವಾದ ಪ್ರಮಾಣ ವೇಳೆಯಲ್ಲಿ) 2023ರ ನವೆಂಬರ್ 14, ರಾತ್ರಿ 10 ಗಂಟೆ 13 ನಿಮಿಷ 20 ಸೆಕೆಂಡು. ಅದನ್ನೇ ಮಿಲಿಸೆಕೆಂಡೆಂದು ಓದಿದರೆ 1970ರ ಜನವರಿ 20 ಆಗುತ್ತದೆ. ನೈಟ್‌ಸ್ಕೌಟ್ ಮಿಲಿಸೆಕೆಂಡು ಬಳಸುತ್ತದೆ, ಗೂಗಲ್ ಫಿಟ್ ನ್ಯಾನೋಸೆಕೆಂಡು. 19 ಅಂಕಿಯ ಸಂಖ್ಯೆಯನ್ನು ಜಾವಾಸ್ಕ್ರಿಪ್ಟ್ ತನ್ನ ಸಾಮಾನ್ಯ ಸಂಖ್ಯೆಯಾಗಿ ನಿಖರವಾಗಿ ಹಿಡಿದಿಡಲಾರದು, ಕೊನೆಯ ಅಂಕಿಗಳು ಕದಲುತ್ತವೆ. ಆದ್ದರಿಂದ ಅದನ್ನು ಪಠ್ಯವಾಗಿಯೇ ಇಟ್ಟುಕೊಳ್ಳಬೇಕು.

ವೇಳೆ ಕೆಲವೇ ಗಂಟೆ ಹಿಂದುಮುಂದಾಗಿದ್ದರೆ ಸಮಯ ವಲಯವನ್ನು ನೋಡಬೇಕು. ಯುಟಿಸಿಗಿಂತ 5 ಗಂಟೆ 30 ನಿಮಿಷ ಮುಂದಿರುವ ವಲಯದಲ್ಲಿ ಬೆಳಿಗ್ಗೆ 5 ಗಂಟೆ 10 ನಿಮಿಷಕ್ಕೆ ಬರಿಹೊಟ್ಟೆಯಲ್ಲಿ ತೆಗೆದ ರೀಡಿಂಗ್ ಯುಟಿಸಿ ಲೆಕ್ಕದಲ್ಲಿ ಹಿಂದಿನ ದಿನದ ರಾತ್ರಿ 11 ಗಂಟೆ 40 ನಿಮಿಷದ್ದು. ಯುಟಿಸಿ ದಿನಾಂಕದಿಂದ ಗುಂಪು ಮಾಡಿದರೆ ಬರಿಹೊಟ್ಟೆಯ ರೀಡಿಂಗ್ ನಿನ್ನೆಯ ರಾತ್ರಿಯ ಪಟ್ಟಿಗೆ ಸೇರಿ, ಓದುವವರಿಗೆ ಊಟದ ನಂತರದ್ದೇನೋ ಎನಿಸುತ್ತದೆ. ಡೆಕ್ಸ್‌ಕಾಮ್ ಪ್ರತಿ ರೀಡಿಂಗಿಗೂ ಎರಡು ವೇಳೆ ಕೊಡುತ್ತದೆ, ಒಂದು ಯುಟಿಸಿ, ಇನ್ನೊಂದು ಬಳಕೆದಾರರ ಪರದೆ ತೋರಿಸಿದ ವೇಳೆ. ಕ್ರಮದಲ್ಲಿಡಲು ಮೊದಲನೆಯದು, ತೋರಿಸಲು ಎರಡನೆಯದು; ಇವನ್ನು ಅದಲುಬದಲು ಮಾಡಬಾರದು. ಮೀಟರಿನ ಗಡಿಯಾರವೇ ತಪ್ಪಿರುವ ಸಾಧ್ಯತೆಯೂ ಇದೆ, ಬ್ಯಾಟರಿ ಬದಲಿಸಿದ ಬಳಿಕ ಅದನ್ನು ಸರಿಪಡಿಸುವುದು ಮರೆತುಹೋಗುತ್ತದೆ. ರೀಡಿಂಗ್‌ಗಳೆಲ್ಲವೂ ಒಂದೇ ಅಂತರದಲ್ಲಿ, ಆದರೆ ಯಾವ ಸಮಯ ವಲಯಕ್ಕೂ ಹೊಂದದ ಅಂತರದಲ್ಲಿ ತಪ್ಪಿದ್ದರೆ ಮೀಟರನ್ನೇ ಕೈಗೆತ್ತಿಕೊಂಡು ನೋಡಿ.

ಲಕ್ಷಣ: ನಡುನಡುವೆ ರೀಡಿಂಗ್ ಇಲ್ಲ, ಅಥವಾ ಒಂದೇ ರೀಡಿಂಗ್ ಎರಡು ಬಾರಿ

5 ನಿಮಿಷಕ್ಕೊಮ್ಮೆ ಅಳೆಯುವ ಸೆನ್ಸರ್ ದಿನಕ್ಕೆ 288 ರೀಡಿಂಗ್ ಕೊಡಬೇಕು. ದಿನವಾರು ಎಣಿಕೆ ತೆಗೆದು ನೋಡಿದರೆ ಕೊರತೆಯ ಬಗೆ ಗೊತ್ತಾಗುತ್ತದೆ. ಎಲ್ಲ ದಿನವೂ 10, 100, 1000 ಎಂಬಂಥ ದುಂಡು ಸಂಖ್ಯೆಯಲ್ಲಿ ನಿಂತಿದ್ದರೆ ಅದು ಪುಟದ ಮಿತಿ. ನೈಟ್‌ಸ್ಕೌಟಿನ ಮೊದಲ ಆವೃತ್ತಿಯ ಎಪಿಐ ಎಣಿಕೆ ಹೇಳದಿದ್ದರೆ 10 ಮಾತ್ರ ಕೊಡುತ್ತದೆ. ಎಫ್‌ಎಚ್‌ಐಆರ್‌ನಲ್ಲಿ ಮುಂದಿನ ಪುಟದ ಕೊಂಡಿ ಉತ್ತರದಲ್ಲೇ ಇರುತ್ತದೆ. ಅದು ಇಲ್ಲವಾಗುವವರೆಗೆ ಹಿಂಬಾಲಿಸಬೇಕು. ಗಡಿಯಾರವನ್ನು ವರ್ಷಕ್ಕೆರಡು ಬಾರಿ ಹಿಂದುಮುಂದು ಮಾಡುವ ದೇಶಗಳಲ್ಲಿ ಒಂದು ದಿನ 276, ಇನ್ನೊಂದು ದಿನ 300 ಬರುವುದು ಸರಿಯೇ.

ಕೊರತೆ ಅಡ್ಡಾದಿಡ್ಡಿಯಾಗಿದ್ದು, ಅದೇ ಅವಧಿಯನ್ನು ಮರುದಿನ ಕೇಳಿದಾಗ ತುಂಬಿ ಬರುತ್ತಿದ್ದರೆ ತಪ್ಪು ನಿಮ್ಮ ಗುರುತಿನ ಗೆರೆಯಲ್ಲಿದೆ (ಎಲ್ಲಿಯವರೆಗೆ ತಂದಾಗಿದೆ ಎಂಬ ಗುರುತಿನಲ್ಲಿ). ಕೊನೆಯ ರೀಡಿಂಗಿನ ವೇಳೆಯಿಂದ ಮುಂದಿನದ್ದನ್ನು ಮಾತ್ರ ಕೇಳುವ ಪದ್ಧತಿ ಸರಳವೆನಿಸುತ್ತದೆ. ಆದರೆ ಫೋನ್ ದೂರವಿದ್ದಾಗ ಸೆನ್ಸರಿನಲ್ಲೇ ಉಳಿದ ರೀಡಿಂಗ್‌ಗಳು ನಂತರ ಬಂದು ಹಿಂದಿನ ಜಾಗ ತುಂಬುತ್ತವೆ, ಗೆರೆ ಅಷ್ಟರಲ್ಲಿ ಮುಂದೆ ಹೋಗಿರುತ್ತದೆ. ಸರ್ವರ್‌ಗೆ ಸೇರಿದ ವೇಳೆಯಿಂದ ಕೇಳಲು ಎಪಿಐ ಬಿಟ್ಟರೆ ಹಾಗೆ ಕೇಳಿ. ಬಿಡದಿದ್ದರೆ ಪ್ರತಿ ಬಾರಿಯೂ ಹಿಂದಿನ ಒಂದೆರಡು ದಿನವನ್ನು ಸೇರಿಸಿ ಕೇಳಿ, ರೀಡಿಂಗಿನ ಗುರುತುಸಂಖ್ಯೆಯಿಂದ ಹಳೆಯದನ್ನು ಹೊಸದರಿಂದ ಬೇರ್ಪಡಿಸಿ. ಎರಡೆರಡು ಬಾರಿ ಬರುವ ದೋಷಕ್ಕೂ ಮದ್ದು ಇದೇ. ಗುರುತುಸಂಖ್ಯೆ ಕೊಡದ ಎಪಿಐಯಲ್ಲಿ ಬಳಕೆದಾರ, ಉಪಕರಣ, ಯುಟಿಸಿ ವೇಳೆ ಈ ಮೂರನ್ನು ಜೋಡಿಸಿ ಕೀಲಿ ಮಾಡಿಕೊಳ್ಳಬಹುದು. ಮೌಲ್ಯವನ್ನು ಕೀಲಿಯಲ್ಲಿ ಸೇರಿಸಬೇಡಿ, ದುಂಡು ಮಾಡುವಾಗ 111.7 ಮತ್ತು 112 ಎರಡು ಬೇರೆ ರೀಡಿಂಗ್‌ಗಳಾಗಿಬಿಡುತ್ತವೆ.

ಉಳಿದ ಕೊರತೆಗಳು ನಿಜವಾದ ಕೊರತೆಗಳು. ಅವನ್ನು ಅಕ್ಕಪಕ್ಕದ ಸಂಖ್ಯೆಗಳಿಂದ ಅಂದಾಜಿಸಿ ತುಂಬುವುದಕ್ಕಿಂತ ಗ್ರಾಫಿನಲ್ಲಿ ಗೆರೆಯನ್ನು ಅಲ್ಲಿ ಕಡಿದು ತೋರಿಸುವುದು ಪ್ರಾಮಾಣಿಕ.

ಲಕ್ಷಣ: 429, 500, 503

429 ಬಂದರೆ ನೀವು ಮಿತಿಗಿಂತ ಹೆಚ್ಚು ಕೇಳಿದ್ದೀರಿ. ಫಿಟ್‌ಬಿಟ್‌ನಲ್ಲಿ ಒಬ್ಬ ಬಳಕೆದಾರರಿಗೆ ಗಂಟೆಗೆ 150 ಕೋರಿಕೆಗಳ ಮಿತಿಯಿದೆ. ಎಷ್ಟು ಹೊತ್ತು ಕಾಯಬೇಕೆಂದು ಉತ್ತರದ ಹೆಡರಿನಲ್ಲಿದ್ದರೆ ಅಷ್ಟು ಕಾಯಬೇಕು, ಇಲ್ಲದಿದ್ದರೆ ಪ್ರತಿ ಸೋಲಿಗೂ ಕಾಯುವ ಅವಧಿಯನ್ನು ಇಮ್ಮಡಿಸುತ್ತ ಹೋಗಬೇಕು. 500 ಮತ್ತು 503 ಅತ್ತಕಡೆಯ ತೊಂದರೆ. ನಾಲ್ಕಾರು ಬಾರಿ ಅಂತರ ಬಿಟ್ಟು ಯತ್ನಿಸಿ, ಸೇವೆಯ ಸ್ಥಿತಿಪುಟ ನೋಡಿ, ಬಿಟ್ಟುಬಿಡಿ. ಆ ಅವಧಿಯಲ್ಲಿ ಹಳೆಯ ರೀಡಿಂಗನ್ನೇ ಈಗಿನದ್ದೆಂಬಂತೆ ತೋರಿಸುತ್ತಿರಬಾರದು. ಪ್ರತಿ ಸಂಖ್ಯೆಯ ಪಕ್ಕದಲ್ಲೂ ಅದು ಎಷ್ಟು ನಿಮಿಷ ಹಳೆಯದೆಂದು ಬರೆಯಬೇಕು.

ಎಲ್ಲಿ ನಿಲ್ಲಬೇಕು, ನೆರವು ಕೇಳುವಾಗ ಏನು ಕೊಡಬೇಕು

ಫೋನಿನ ಆ್ಯಪ್‌ನಲ್ಲೇ ರೀಡಿಂಗ್ ತಪ್ಪಿದ್ದರೆ, ಕಂಪನಿಯ ಸ್ವಂತ ವೆಬ್ ಪುಟವೂ ಅದೇ ತಪ್ಪನ್ನು ತೋರಿಸಿದರೆ, ಅಥವಾ ಬೇರೊಬ್ಬ ವ್ಯಕ್ತಿಯ ರೀಡಿಂಗ್ ನಿಮ್ಮ ಉತ್ತರದಲ್ಲಿ ಕಂಡರೆ, ಮುಂದೆ ಹುಡುಕುವುದು ನಿಮ್ಮ ಕೆಲಸವಲ್ಲ. ಕೊನೆಯದರಲ್ಲಂತೂ ದತ್ತಾಂಶ ತರುವುದನ್ನು ತಕ್ಷಣ ನಿಲ್ಲಿಸಿ ಸೇವೆಯ ಭದ್ರತಾ ವಿಭಾಗಕ್ಕೆ ತಿಳಿಸಬೇಕು, ಕಂಡದ್ದನ್ನು ಇನ್ನಾರಿಗೂ ಕಳುಹಿಸಬಾರದು.

ಬೆಂಬಲ ತಂಡಕ್ಕೆ ಬರೆಯುವಾಗ ಕೋರಿಕೆ ಹೋದ ವೇಳೆಯನ್ನು ಯುಟಿಸಿಯಲ್ಲಿ ಕೊಡಿ, ಟೋಕನ್ ಅಳಿಸಿದ ಯುಆರ್‌ಎಲ್, ಸ್ಥಿತಿಸಂಕೇತ, ಉತ್ತರದ ಹೆಡರಿನಲ್ಲಿರುವ ಕೋರಿಕೆಯ ಗುರುತುಸಂಖ್ಯೆ ಇವನ್ನು ಸೇರಿಸಿ. ನೀವು ಜಾಡು ಹಿಡಿದ ಆ ಒಂದು ರೀಡಿಂಗ್ ಯಾವ ನಿಲ್ದಾಣದವರೆಗೆ ಇತ್ತು, ಎಲ್ಲಿ ಕಾಣೆಯಾಯಿತು ಎಂದು ಎರಡು ಸಾಲಿನಲ್ಲಿ ಬರೆದರೆ ಅವರ ಅರ್ಧ ಕೆಲಸ ಮುಗಿದಂತೆ. ಟೋಕನ್, ಕ್ಲೈಂಟ್ ಸೀಕ್ರೆಟ್ (ನಿಮ್ಮ ಪ್ರೋಗ್ರಾಂಗೆ ಸೇವೆ ಕೊಟ್ಟ ರಹಸ್ಯ ಕೀಲಿ), ರೋಗಿಯ ಹೆಸರು, ಹುಟ್ಟಿದ ದಿನಾಂಕ ಇವು ಆ ಪತ್ರದಲ್ಲಾಗಲಿ ಪರದೆಯ ಚಿತ್ರದಲ್ಲಾಗಲಿ ಇರಕೂಡದು. ಟೋಕನ್ ಕೈತಪ್ಪಿ ಹೋಗಿದ್ದರೆ, ಅಳಿಸಿದರೆ ಸಾಕೆಂದು ಸುಮ್ಮನಾಗದೆ ಅದನ್ನು ರದ್ದುಪಡಿಸಿ ಹೊಸದನ್ನು ಪಡೆಯಬೇಕು. ಕ್ಲೈಂಟ್ ಸೀಕ್ರೆಟ್ ಹೋಗಿದ್ದರೆ ಅದನ್ನು ಬದಲಿಸುವವರೆಗೆ ಬೇರೆ ಯಾವ ದುರಸ್ತಿಗೂ ಕೈ ಹಾಕಬಾರದು.